ಸುಬ್ಬಿಯವರ ಅಂಗೈಗೆ ತಾಗಿದ ನಡುಕ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಮುಂದಿನ ಸಾಲಿನ ನನ್ನ ಗಿರಾಕಿಗಳೇ, ಹಿಂದಿನ ಸಾಲಿನ ನನ್ನ ಕೆಲಸಗಾರರೇ, ಸಭಿಕರೇ,

ಇಸಳೂರಿನ ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವ ಈ ಚನ್ನಬಸವನಿಗೆ ಶಾಲು ಹೊದೆಸಿದ್ದೀರಿ. ಸಂತೋಷ. ಆದರೆ ಆ ಯಂತ್ರ ಸುಧಾರಿಸಿದ್ದು ಹೇಗೆಂದು ಹೇಳದೆ ಕೂತರೆ ಶಾಲು ಚುಚ್ಚುತ್ತದೆ.

ಎರಡು ವರ್ಷದ ಹಿಂದೆ ಮತ್ತಿಘಟ್ಟದಿಂದ ಸುಬ್ಬಿಯವರು ಬಂದರು. ಅಲ್ಲಿನ ತೋಟವೊಂದರಲ್ಲಿ ನನ್ನ ಯಂತ್ರದಲ್ಲೇ ದಿನವಿಡೀ ಅಡಿಕೆ ಸುಲಿಯುವವರು. "ಸಾವ್ಕಾರ್ರೆ, ಕೈ ಜೋಮು ಹಿಡಿತದೆ. ಚೊಂಬು ಎತ್ತಿದ್ರೆ ಜಾರ್ತದೆ" ಎಂದರು. ನಾನೇನಂದೆ ಗೊತ್ತೇ? "ವಯಸ್ಸಾತವ್ವ, ಎಣ್ಣಿ ಹಚ್ಕೋರಿ" ಅಂದೆ. ಅವರು ನನಗಿಂತ ಆರು ವರ್ಷ ಚಿಕ್ಕವರು! ಅಷ್ಟಕ್ಕೇ ಬಿಟ್ಟೆನೇ? ಆ ತೋಟದವರಿಗೆ ಫೋನ್ ಮಾಡಿ, "ಆಕಿಗೆ ಮಷೀನ್ ಹಿಡಿಯಾಕ ಬರೂದಿಲ್ಲ, ಬ್ಯಾರೆಯವರನ್ನ ಹಚ್ಚರಿ" ಎಂದೆ. ಸುಬ್ಬಿಯವರ ಕೆಲಸ ಹೋಯಿತು. ಇದನ್ನು ನನ್ನ ಹೆಂಡತಿ ಶೈಲಾಗೂ ಹೇಳಿರಲಿಲ್ಲ. ಈಗ ಕೇಳಿಸಿಕೊಂಡಳು.

ಸುಬ್ಬಿಯವರು ಸುಮ್ಮನಾಗಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅದೇ ಊರಿನ ಪರಿಮಳಾ ಮೇಡಂ ರಜೆಗೆ ಬಂದಾಗ ಅವರಿಗೆ ಹೇಳಿದರು. ಮೇಡಂ ಶೆಡ್ಡಿಗೆ ಬಂದರು. "ಮೋಟಾರು ಹೊಸದು, ಚೌಕಟ್ಟು ಗಟ್ಟಿ, ದೋಷ ಎಲ್ಲಿಂದ ಬರತೈತ್ರಿ?" ಎಂದು ವಾದಿಸಿದೆ. ಅವರು ಎರಡನ್ನೂ ಬಿಚ್ಚಿ, ಬೇರೆ ಬೇರೆ ತೂಗುಹಾಕಿ, ಪುಟ್ಟ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು, ಎಲ್ಲಿ ಎಷ್ಟು ನಡುಗುತ್ತದೆಂದು ಅಳೆದರು. ಆ ಅಳತೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರು. ಬಿಡಿಯಾಗಿ ಎರಡೂ ಸಭ್ಯಸ್ಥರೇ! ಕೂಡಿಸಿದಾಗ ಮಾತ್ರ, ಯಂತ್ರ ಓಡುವ ವೇಗದಲ್ಲೇ ನಡುಕ ಏರುತ್ತಿತ್ತು. ಎಲ್ಲಿ ಹೆಚ್ಚು? ಸುಬ್ಬಿಯವರು ಅಂಗೈ ಊರುತ್ತಿದ್ದ ಜಾಗದಲ್ಲೇ.

ನಾನು ಕೇಳಿದೆ: "ಎಲ್ಲಾ ಹೊಸದಾಗಿ ಮಾಡಬೇಕೇನ್ರಿ?"

"ಬೇಡ. ಎರಡೂ ಕೂಡುವಲ್ಲಿ ಯಾವ ರಬ್ಬರ್ ಹಾಕಿದರೆ ನಡುಕ ಎಷ್ಟು ಇಳಿಯುತ್ತೆ ಅಂತ ಲೆಕ್ಕದಲ್ಲೇ ನೋಡಬಹುದು" ಎಂದರು. ನಾಲ್ಕು ಬಗೆ ನೋಡಿ, ಒಂದನ್ನು ಆರಿಸಿ ಕೂಡಿಸಿದೆವು.

ಆಮೇಲೆ ಮತ್ತಿಘಟ್ಟಕ್ಕೆ ಹೋಗಿ ಕ್ಷಮೆ ಕೇಳಿದೆ. ಸುಬ್ಬಿಯವರು ಕೂರಿ ಅನ್ನಲಿಲ್ಲ. "ಮೊದ್ಲು ಮಿಷನ್ ತೋರ್ಸಿ" ಎಂದರು. ಶೆಡ್ಡಿಗೆ ಬಂದು ಇಡೀ ದಿನ ಸುಲಿದರು. "ಕೈಗೆ ಅಡ್ಡಿಲ್ಲ. ಸದ್ದು ಮಾತ್ರ ಹಂಗೇ ಅದೆ" ಎಂದರು. ಮೇಡಂ ನಕ್ಕು ಹೊಸ ಹಾಳೆ ತೆಗೆದರು.

ಮಾರಿದ ಯಂತ್ರಗಳನ್ನೆಲ್ಲ ಊರೂರಿಗೆ ಹೋಗಿ ಸರಿಮಾಡುತ್ತಿದ್ದೇವೆ. ಯಲ್ಲಾಪುರದ ಕಡೆ ಹನ್ನೊಂದು ಉಳಿದಿವೆ. ಮಾಲೀಕರು ಇಲ್ಲಿದ್ದರೆ ದಯವಿಟ್ಟು ಕೈ ಎತ್ತಿ. ಸೋಮವಾರದಿಂದ ಸುಬ್ಬಿಯವರೇ ನಮ್ಮ ಶೆಡ್ಡಿನ ಪರೀಕ್ಷಕರು. ಅವರು ಹೂಂ ಅನ್ನದೆ ಒಂದು ಯಂತ್ರವೂ ಹೊರಗೆ ಹೋಗುವುದಿಲ್ಲ. ನಾನು ಹೂಂ ಅಂದರೂ ಹೋಗುವುದಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೂ, ಎದ್ದುಹೋಗದ ಶೈಲಾಗೂ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.