ಖಳನಿಗೊಂದು ದೌರ್ಬಲ್ಯ

ಕೊಂಬು ಬೇಡ ಅಂದೆನಲ್ಲ, ಅಳಿಸು. ಕೋರೆಹಲ್ಲೂ ಬೇಡ. ದಾಳ ಉರುಳಿಸಿ ಕೋಟೆ ಗೆಲ್ಲೋ ಆಟ, ಅದಕ್ಕೊಬ್ಬ ಖಳ ಬೇಕು, ಹುಟ್ಟಿಸಿಕೊಡು ಅಕ್ಕ ಅಂತ ಕೇಳಿದ್ದು ನೀನು ತಾನೆ? ಹಾಗಾದ್ರೆ ನಾನು ಹೇಳಿದ ಹಾಗೆ ಬರಿ. ಮನುಷ್ಯ. ರಾಕ್ಷಸ ಆದ್ರೆ ಹಸಿದಾಗ ತಿಂತಾನೆ, ಹೊಟ್ಟೆ ತುಂಬಿದ್ರೆ ಮಲಗ್ತಾನೆ. ಮನುಷ್ಯ ಹಾಗಲ್ಲ...

ಕಸುಬು? ಬಡಗಿ. ಕೋಟೆ ಬಾಗಿಲು ಮಾಡೋ ಬಡಗಿ. ಎಡಗೈಲಿ ಕಿರುಬೆರಳಿಲ್ಲ, ಗರಗಸಕ್ಕೆ ಸಿಕ್ಕಿ ಹೋಗಿದೆ. ಮಾತು ಬೆಣ್ಣೆ. ಊರಿಗೆಲ್ಲ ಬೇಕಾದವನು, ಮನೆಗೆ ಮಾತ್ರ...

ಯಾಕೆ ನಗ್ತೀಯ? ಹೌದು ಕಣೇ, ಅಪ್ಪನೇ. ಮತ್ತೆ ಯಾರನ್ನ ನೋಡಿ ಮಾಡ್ಲಿ? ನನಗೆ ಗೊತ್ತಿರೋ ಖಳ ಅವನೊಬ್ಬನೇ.

ಬರ್ಕೋ. ಶಕ್ತಿ ಎಷ್ಟು ಬೇಕಾದ್ರೂ ಹಾಕು. ದಯೆ, ಸೊನ್ನೆ. ಹೆಂಡತಿ ಸತ್ತು ವರ್ಷ ತುಂಬೋ ಮುಂಚೆ ಇನ್ನೊಬ್ಬಳ ಹಿಂದೆ ಹೋದ. ಎರಡು ಹೆಣ್ಣುಮಕ್ಕಳನ್ನ ಬಿಟ್ಟು ಹೋದ. ಉಳಿ, ಸುತ್ತಿಗೆ ಮಾತ್ರ ಜೋಪಾನವಾಗಿ ಬಟ್ಟೇಲಿ ಸುತ್ಕೊಂಡು ಹೋದ, ಮಹಾನುಭಾವ.

ಅದ್ಯಾಕೆ ಕೊನೇ ಸಾಲು ಖಾಲಿ? ದೌರ್ಬಲ್ಯ... ಇರಲೇಬೇಕಾ? ಇಲ್ದಿದ್ರೆ ಸೋಲಿಸೋಕಾಗಲ್ಲ ಅಂತೀಯ. ಸರಿ, ಏನೋ ಒಂದು ಹಾಕು. ಬೆಂಕಿ ಕಂಡ್ರೆ ಭಯ ಅಂತ... ನೀನೇನು ಬರೀತಿದ್ದೀಯ? ತೋರಿಸಿಲ್ಲಿ.

'ಕಿರಿಮಗಳ ಮೇಲಿನ ಪ್ರೀತಿ.'

ಪ್ರೀತಿ. ನಿನಗಾಗ ಮೂರು ವರ್ಷ, ಜ್ವರದಲ್ಲಿ ಅಪ್ಪಾ ಅಪ್ಪಾ ಅಂತ ಕನವರಿಸ್ತಿದ್ದೆ. ನನಗೆ ಹದಿನಾರು. ಓದು ಬಿಟ್ಟು ಲಾಂಡ್ರಿ ಸೇರ್ಕೊಂಡೆ. ನೋಡು ಈ ಮಣಿಕಟ್ಟು, ನಿನ್ನ ಶಾಲೆಗೆ ಸೇರಿಸಿದ ವರ್ಷ ಇಸ್ತ್ರಿಪೆಟ್ಟಿಗೆ ತಾಗಿದ್ದು. ನಿನ್ನ ತಲೆ ಬಾಚಿದ್ದು ನಾನು, ಹೇನು ತೆಗೆದಿದ್ದು ನಾನು. ಪ್ರೀತಿ ಅವನದಂತೆ. ಎಲ್ಲೋ ಕೂತ್ಕೊಂಡು ಗೀಚಿಬಿಟ್ರೆ ಪ್ರೀತೀನಾ? ನನ್ನ ಗುಬ್ಬಿಗೆ ಹಾಲುಹಲ್ಲು ಬಿತ್ತಾ, ಕತ್ತಲೆಗೆ ಇನ್ನೂ ಹೆದರ್ತಾಳಾ, ಒಂದು ಸಲ ಕಳಿಸು, ಮುಖ ನೋಡ್ತೀನಿ... ಪ್ರತಿ ಕಾಗದದಲ್ಲೂ ಅದೇ ರಾಗ. ನೀನು ಹೇಗಿದ್ದೀಯ ಮಗಳೇ ಅಂತ ನನ್ನನ್ನ ಒಂದು ಸಾಲು... ಒಂದೇ ಒಂದು ಸಾಲು...

ಏನು? ಯಾಕೆ ಬರೆಯೋದು ನಿಲ್ಲಿಸಿದೆ?

ಆಟದವನ ಬಗ್ಗೆ ಹೇಳಿದ್ದು ನಾನು. ಖಳ. ಅವನು ಕಾಗದ ಬರೀತಾನೆ ಅಂತ... ಇಟ್ಕೊಳ್ಳೋಣ ಅಂತ...

ಹಾಗೆ ನೋಡ್ಬೇಡ. ಬೈಯೋದಿದ್ರೆ ಬೈದುಬಿಡು.

ಆರು ಕಾಗದ ಬಂದಿತ್ತು. ಅಪ್ಪ ಒಂದು ಅಕ್ಷರ ಬರೀಲಿಲ್ಲ ಅಂತ ನಿನಗೆ ಹೇಳ್ಕೊಂಡೇ ಬಂದೆ, ಆರನ್ನೂ ಒಲೆಗೆ ಹಾಕ್ದೆ. ಕಳಿಸಿದ್ರೆ ನೀನು ವಾಪಸ್ ಬರ್ತಿದ್ಯಾ? ಸಣ್ಣ ಮಗು, ಬೊಂಬೆ ಕೊಟ್ಟವರ ಹತ್ರ ಉಳ್ಕೊಳ್ಳುತ್ತೆ. ಆಮೇಲೆ ಇಲ್ಲಿ ನಾನೊಬ್ಬಳೇ ಏನು ಮಾಡ್ಲಿ...

ಚಪ್ಪಲಿ ಯಾಕೆ ಹಾಕ್ಕೋತಿದ್ದೀಯ? ಎಲ್ಲಿಗೆ ಅಂತ ಹೋಗ್ತೀಯ? ನಿನಗೆ ವಿಳಾಸ ಗೊತ್ತಾ?

...ನನಗೆ ಗೊತ್ತು. ಬಾಯಿಪಾಠ ಇದೆ. ನಿಲ್ಲು, ಹೇಳ್ತೀನಿ.