ಇನಾಸನ ಮಾತು, ನನ್ನ ಬಾಯಿ

— ಹಾಗಾಗಿ ರೋಷನ, ನಿನ್ನೆ ಇಗರ್ಜಿಯ ಹಿಂದೆ ಮಣ್ಣು ಹಾಕುವಾಗ ನಾನು ನಿನ್ನ ಹೆಗಲು ಹಿಡಿದು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದ್ದು ಇದೇ ಮಾತು. ನಿನ್ನ ಅಪ್ಪ ಒಳ್ಳೆಯವನಾಗಿದ್ದ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಅಷ್ಟು ಒಳ್ಳೆಯವನಾಗುವ ಅಗತ್ಯ ಏನಿತ್ತು ಎನ್ನುವುದೇ ನನ್ನ ತಕರಾರು.

ಕ್ಷಮಿಸಿ. ಮೊದಲು ನಮಸ್ಕಾರ ಹೇಳಬೇಕು. ವೇದಿಕೆಯ ಮೇಲಿರುವ ಫಾದರ್‌ ಅವರೇ, ದಿವಂಗತ ಇನಾಸ ಫುರ್ತಾದರ ಪತ್ನಿ ಕಾರ್ಮಿನಾಬಾಯಿಯವರೇ, ಮಗ ರೋಷನ, ನಮ್ಮ ಐಸ್ ಫ್ಯಾಕ್ಟರಿಯ ಹಳೆಯ ಮತ್ತು ಹೊಸ ಕೆಲಸಗಾರರೇ, ಬಂದರಿನ ಬಂಧುಗಳೇ. ಕರೆಂಟು ಹೋಗಿದೆ, ಮೈಕು ಸತ್ತಿದೆ, ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ. ಐ ಸ್ಟ್ಯಾಂಡ್ ಬಿಫೋರ್ ಯೂ ವಿಥ್ ಎ ಹೆವಿ — ಹೆವಿ — ಹಾರ್ಟ್. ಹೌದು, ಹಾರ್ಟ್. ಕಾರವಾರದ ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷು ಇದು. ಅರ್ಧ ಅಲ್ಲೇ ಉಳಿಯಿತು, ಉಳಿದರ್ಧ ಈ ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ಕರಗಿತು.

ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ರಾಮನಾಥ ಹರಿಕಂತ್ರ, ಇಲ್ಲಿ ಟೈಮ್‌ಕೀಪರ್ ಆಗಿದ್ದವನು. ಇನಾಸ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ. ಹದಿನಾರು ವರ್ಷ ಒಂದೇ ಬೆಂಚಿನ ಮೇಲೆ ಚಾ ಕುಡಿದೆವು. ಆಮೇಲೆ ಅವನು ಬಹರೇನಿಗೆ ಹೋದ, ಅಲ್ಲಿಯ ಕೋಲ್ಡ್ ಸ್ಟೋರೇಜಿಗೆ. ನನ್ನ ಹೆಂಡತಿ ಗಂಗೂ ತೀರಿಕೊಂಡು ಬರುವ ತಿಂಗಳಿಗೆ ಐದು ವರ್ಷ. ಮಗಳು ಅಮಿತಾ ಹಣಕೋಣದ ಶಾಲೆಯಲ್ಲಿ ಟೀಚರ್. ಅಲ್ಲಿ, ಕಂಬದ ಪಕ್ಕ ಕುಳಿತಿದ್ದಾಳೆ. ಇವತ್ತು ನಾನು ಹೇಳುವುದು ಅವಳಿಗೂ ಹೊಸದು. ಅವಳಿಗೆ ಮೊದಲೇ ಮನೆಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಜನರ ನಡುವೆ ಹೇಳಿದರೆ ಹಿಂತೆಗೆದುಕೊಳ್ಳಲು ಬರುವುದಿಲ್ಲ, ಅದಕ್ಕೇ ಇಲ್ಲಿ.

ಇನಾಸ ಬಹರೇನಿನಿಂದ ಹದಿನೈದು ದಿನಕ್ಕೊಂದು ಪತ್ರ ಬರೆಯುತ್ತಿದ್ದ. ಮನೆಗೊಂದು ಬೇರೆ, ನಮಗೊಂದು ಬೇರೆ. ಲಕೋಟೆಯ ಮೇಲೆ 'ಐಸ್ ಫ್ಯಾಕ್ಟರಿಯ ಎಲ್ಲರಿಗೂ' ಎಂದು ಇರುತ್ತಿತ್ತು. ನಾಲ್ಕು ಗಂಟೆಯ ಚಾ ಹೊತ್ತಿಗೆ ಓದುವವನು ನಾನು. ಬೇರೆಯವರಿಗೆ ಓದಲು ಬರುವುದಿಲ್ಲ ಎಂದಲ್ಲ, ಓದಿದರೆ ಬೀಡಿ ಆರುತ್ತದೆ ಎಂದು.

ಉಳಿದವರು ಗಲ್ಫಿನಿಂದ ಏನು ಬರೆಯುತ್ತಾರೆ? ಸೆಕೆ, ಊಟ, ಸೇಟ್‌ನ ಕಾಟ. ಇವನು ಬರೆಯುತ್ತಿದ್ದದ್ದು — ಒಂದು ಹೇಳುತ್ತೇನೆ ಕೇಳಿ. ಅವನ ಕ್ಯಾಂಪಿನ ಹತ್ತಿರ ಇರಾನಿಯೊಬ್ಬನ ರೊಟ್ಟಿ ಅಂಗಡಿ. ಬೆಳಿಗ್ಗೆ ದೊಡ್ಡ ಸಾಲು. ಎಲ್ಲರೂ ನುಗ್ಗಿ ಮುಂದೆ ನಿಲ್ಲುತ್ತಾರೆ. ಮುಂದೆ ನಿಂತವರಿಗೆ ಸಿಗುವುದು ಆಗಲೇ ಸುಟ್ಟು ರಾಶಿ ಹಾಕಿದ ರೊಟ್ಟಿ. ಕೊನೆಯಲ್ಲಿ ನಿಂತವನ ಪಾಳಿ ಬರುವಾಗ ರಾಶಿ ಮುಗಿದಿರುತ್ತದೆ, ಅವನಿಗೆ ಒಲೆಯಿಂದ ನೇರವಾಗಿ ಕೈಗೆ — ಹೀಗೆ, ಎರಡು ಬೆರಳಲ್ಲಿ ಹಿಡಿದು ಊದಿಕೊಳ್ಳಬೇಕು. ಇನಾಸ ಬರೆದ: ಏಸುಸ್ವಾಮಿ ಕಡೆಯವರೇ ಮೊದಲಾಗುತ್ತಾರೆ ಅಂದದ್ದು ನನಗೆ ಇಷ್ಟು ದಿನ ಸಮಾಧಾನದ ಮಾತಿನ ಹಾಗೆ ಕೇಳುತ್ತಿತ್ತು, ಇವತ್ತು ಬೆರಳು ಸುಟ್ಟ ಮೇಲೆ ಗೊತ್ತಾಯಿತು, ಅದು ಕಣ್ಣಾರೆ ನೋಡಿ ಹೇಳಿದ ಮಾತು.

ಓದಿ ಮುಗಿಸಿದೆ. ಆಮೇಲೆ ದುರ್ಗಪ್ಪ — ಇಲ್ಲೇ ಇದ್ದಾನೆ, ನಗುತ್ತಿದ್ದಾನೆ ನೋಡಿ — ಏನಂದ? "ರಾಮನಾಥಾ, ಬರಿಯೂದಾದ್ರೆ ಇನಾಸನೇ ಸೈ. ನೀ ಬರೇ ಓದೂಕೆ ಅಡ್ಡಿಲ್ಲ."

ಕಾಲೇಜು ಕಂಡವನು ನಾನು! ಅವನು ಓದಿದ್ದು ಏಳನೇ ಇಯತ್ತೆ. ಅವತ್ತು ಸಂಜೆ ನಾನೂ ಕೂತೆ. ಏನಾದರೂ ಕಾಣುತ್ತದೆಯೇ ಎಂದು ಫ್ಯಾಕ್ಟರಿಯ ಬಾಗಿಲು ನೋಡಿದೆ, ಐಸ್ ನೋಡಿದೆ, ಕಾಗೆ ನೋಡಿದೆ. ಕಾಗೆ ಕಾಗೆಯಾಗಿಯೇ ಇತ್ತು. ಐ ವಾಸ್ ಜೆಲಸ್. ಈ ಶಬ್ದಕ್ಕೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತೇವೆ, ಅದು ಹೆಚ್ಚು ಸರಿ. ಅದು ಎದೆಯಲ್ಲಿ ಇರುವುದಿಲ್ಲ. ಇಲ್ಲಿ — ಇಲ್ಲಿ, ಹೊಕ್ಕುಳದ ಮೇಲೆ — ಇರುತ್ತದೆ.

ಎರಡು ಸಾವಿರದ ಎರಡರಲ್ಲಿ ಗಂಗೂಗೆ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಗೋವೆಗೆ ಹೋದೆವು, ಮಣಿಪಾಲಕ್ಕೆ ಹೋದೆವು, ಮನೆಗೆ ಬಂದೆವು. ಸಂಜೆ ಹೊತ್ತಿಗೆ ನೋವು ಏರುತ್ತಿತ್ತು. ನಾನು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಏನು ಮಾತಾಡುವುದು? ಮದುವೆಯಾಗಿ ಇಪ್ಪತ್ತೇಳು ವರ್ಷ, ಮಾತೆಲ್ಲ ಮೀನು, ಅಕ್ಕಿ, ಅಮಿತಾಳ ಫೀ. ಒಂದು ದಿನ ಸುಮ್ಮನೆ ಕೂರಲಾರದೆ ಆ ರೊಟ್ಟಿ ಅಂಗಡಿಯ ಕಥೆ ಹೇಳಿದೆ. ಏಸುವಿನ ಹೆಸರು ತೆಗೆದು ದೇವರು ಎಂದೆ. ಬಹರೇನ್ ತೆಗೆದು ಪರವೂರು ಎಂದೆ. ಕೊನೆಗೆ 'ಇನಾಸ ಬರೆದದ್ದು' ಎನ್ನಬೇಕು — ಎರಡೇ ಶಬ್ದ — ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನಕ್ಕಳು. ತಿಂಗಳಿನಿಂದ ನಗದವಳು.

"ಇಷ್ಟ್ ವರ್ಷ ಈ ಮಾತೆಲ್ಲ ಎಲ್ಲಿ ಮುಚ್ಚಿಟ್ಕಂಡಿದ್ರಿ ನೀವು?" ಎಂದಳು.

ನಾನು ಬಾಯಿ ಮುಚ್ಚಿದೆ.

ಆಮೇಲೆ ಅದೇ ಅಭ್ಯಾಸವಾಯಿತು. ಚಾ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಓದುವುದು, ಸಂಜೆ ಮನೆಯಲ್ಲಿ ನನ್ನದೆಂದು ಹೇಳುವುದು. ಕಾಲೇಜಿನಲ್ಲಿ ಪ್ರೆಸೀ ರೈಟಿಂಗ್ ಎಂದು ಒಂದಿತ್ತು, ಬೇರೆಯವನ ಮಾತನ್ನು ಮೂರರಲ್ಲಿ ಒಂದಂಶಕ್ಕೆ ಇಳಿಸುವುದು. ನನಗೆ ಬಂದ ವಿದ್ಯೆ ಅದೊಂದೇ.

ಕೋಲ್ಡ್ ಸ್ಟೋರೇಜಿನ ಬಾಗಿಲಿನದು ಹೇಳಿದೆ. ಆ ದೇಶದಲ್ಲಿ ಹೊರಗಿನಿಂದ ಬೀಗ ಹಾಕಿದರೂ ಒಳಗೆ ಒಂದು ಗುಬುಟು ಇರುತ್ತದಂತೆ, ಒತ್ತಿದರೆ ತೆರೆಯುತ್ತದೆ, ಒಳಗೆ ಸಿಕ್ಕಿದವನು ಚಳಿಗೆ ಸಾಯಬಾರದೆಂದು. ಇನಾಸ ಬರೆದ: ಒಬ್ಬನ ಮೇಲೆ ಸಿಟ್ಟಾಗಿ ನಾನು ಅವನನ್ನು ಮನಸ್ಸಿನಲ್ಲಿ ಹೀಗೇ ಒಳಗೆ ಹಾಕಿದ್ದೆ. ಅವನು ಯಾವಾಗಲೋ ತೆರೆದುಕೊಂಡು ಹೋಗಿ ಬಿಸಿಲಲ್ಲಿ ತಿರುಗುತ್ತಿದ್ದಾನೆ, ಖಾಲಿ ಕೋಣೆಯ ಹೊರಗೆ ಕಾವಲು ನಿಂತವನು ನಾನು. ಕ್ಷಮಿಸಿರಿ ಎಂದು ಸ್ವಾಮಿ ಹೇಳಿದ್ದು ಅವನಿಗಾಗಿ ಅಲ್ಲ, ನನ್ನ ಡ್ಯೂಟಿ ಮುಗಿಯಲಿ ಎಂದು.

ಗಂಗೂ ಮರುದಿನ ತನ್ನ ತಂಗಿಗೆ ಹೇಳಿ ಕಳಿಸಿದಳು. ಹನ್ನೊಂದು ವರ್ಷದಿಂದ ಮಾತಿರಲಿಲ್ಲ ಅವರಿಬ್ಬರಿಗೆ. ಮಾಜಾಳಿಯಿಂದ ಸೋಮಿ ಬಂದಳು, ಮಂಚದ ಮೇಲೆ ಒಟ್ಟಿಗೆ ಕೂತು ಇಬ್ಬರೂ ಅತ್ತರು. ಸೋಮಿ ಹೋಗುವಾಗ ನನ್ನ ಕಾಲಿಗೆ ಬಿದ್ದಳು. "ಬಾವಾ, ನಿಮ್ಮಿಂದ ಆತು" ಎಂದಳು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಕೇಳಿದಿರಾ? ಹಿಂದೆ ತೆಗೆದುಕೊಳ್ಳಲಿಲ್ಲ.

ಇನ್ನು ರಂಪಣಿಯದು. ಇದು ನನ್ನ ಹೊಟ್ಟೆಯನ್ನು ಇವತ್ತಿಗೂ ಸುಡುತ್ತದೆ. ನನ್ನ ಅಪ್ಪ ರಂಪಣಿ ಬಲೆಯ ಯಜಮಾನ. ಬಲೆ ಎಳೆಯುವಾಗ ದಡದಲ್ಲಿ ಯಾರು ಹಗ್ಗಕ್ಕೆ ಕೈ ಹಚ್ಚಿದರೂ ಅವರಿಗೆ ಪಾಲು. ಕತ್ತಲೆಯಲ್ಲಿ ಬಂದವನಿಗೂ ಪಾಲು, ಬಲೆ ಮರಳಿಗೆ ಮುಟ್ಟುವಾಗ ಓಡಿ ಬಂದವನಿಗೂ ಪಾಲು. ಕೆಲವರು ಜಗಳಕ್ಕೆ ಬರುತ್ತಿದ್ದರು. "ಒಡೆಯಾ, ಅಂವ ಈಗ ಬಂದಂವ!" ಅಪ್ಪ ಹೇಳುತ್ತಿದ್ದ: "ನಿನ್ನ ಬುಟ್ಟೀಲಿ ಕಡಿಮೆ ಆಯ್ತನಾ? ಇಲ್ವಲ್ಲ. ಹಂಗಾರೆ ಅವನ ಬುಟ್ಟಿ ಎಂತಕ್ಕೆ ನೋಡ್ತೆ?"

ಇದನ್ನು ನಾನು ಸಾವಿರ ಸಲ ನೋಡಿದ್ದೇನೆ. ನನಗೆ ಕಂಡದ್ದು ಬರೇ ಬಂಗಡೆ ಮೀನು. ಇನಾಸ ಎಲ್ಲೋ ಬಹರೇನಿನ ಕ್ಯಾಂಪಿನಲ್ಲಿ, ಶುಕ್ರವಾರದ ಊಟದಲ್ಲಿ, ಆವತ್ತೇ ಊರಿಂದ ಬಂದಿಳಿದ ಹುಡುಗನ ತಟ್ಟೆಗೂ ಎಲ್ಲರಷ್ಟೇ ಬಿರಿಯಾನಿ ಬಿದ್ದದ್ದು ನೋಡಿ ಬರೆಯುತ್ತಾನೆ: ದ್ರಾಕ್ಷಿತೋಟಕ್ಕೆ ಸಂಜೆ ಬಂದ ಕೂಲಿಯವನಿಗೂ ಯಜಮಾನ ಪೂರ್ತಿ ಕೊಟ್ಟ ಕಥೆ ಫಾದರ್ ಹೇಳುವಾಗ ನನಗೆ ದ್ರಾಕ್ಷಿ ಗೊತ್ತಿರಲಿಲ್ಲ, ಆದರೆ ಆ ಯಜಮಾನ ಗೊತ್ತಿದ್ದ, ರಾಮನಾಥನ ಅಪ್ಪ. ಸ್ವರ್ಗದ ದಡದಲ್ಲೂ ಅವರಂಥವರೇ ಹಗ್ಗದ ಹತ್ತಿರ ನಿಂತಿರುತ್ತಾರೆ.

ನನ್ನ ಅಪ್ಪ! ನನ್ನ ಬಲೆ, ನನ್ನ ದಡ! ಇನಾಸ ಎರಡೇ ಸಲ ಹಗ್ಗ ಮುಟ್ಟಿದವನು. ಸ್ವರ್ಗ ಅವನಿಗೆ ಕಂಡಿತು.

ಗಂಗೂಳ ಅಪ್ಪನಿಗೆ ಒಂದು ಕಾಲು ಕುಂಟು, ಯಾವಾಗಲೂ ಹಗ್ಗಕ್ಕೆ ತಡವಾಗಿ ಬರುತ್ತಿದ್ದ. ಈ ಕಥೆ ಕೇಳಿ ಅವಳು ಗೋಡೆಗೆ ಮುಖ ಮಾಡಿದಳು. ಗೋಡೆಯ ಕಡೆಗೇ "ನಂಗೀಗ ಹೆದ್ರಿಕೆ ಇಲ್ಲ" ಎಂದಳು.

ಮುಂದಿನ ಮೇ ತಿಂಗಳು ಇನಾಸ ರಜೆಯ ಮೇಲೆ ಬಂದ. ಕಾರ್ಮಿನಾಬಾಯಿ, ನೀವು ಕೊಟ್ಟ ದೋದೋಲ್ ಸಿಹಿ ಹಿಡಿದುಕೊಂಡು ನಮ್ಮ ಮನೆಗೂ ಬಂದ. ಗಂಗೂ ದಿಂಬಿಗೆ ಒರಗಿ ಕೂತಳು. "ಇನಾಸಬಾವಾ, ನಮ್ಮನಿಯವ್ರು ಈಗ ಎಂತಾ ಚಂದ ಮಾತಾಡ್ತಾರೆ ಗೊತ್ತಿದ್ಯಾ? ಒಂದು ಕೇಳಿ" ಎಂದಳು. ಶುರು ಮಾಡಿದಳು. ರಂಪಣಿ. ಮೊದಲಿನಿಂದ.

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ಅವನು ಸ್ಟೂಲು ಹತ್ತಿರ ಎಳೆದುಕೊಂಡ. ಕಥೆ ಅರ್ಧಕ್ಕೆ ಬಂದಾಗ ಅವಳು ಉಸಿರು ಸಾಲದೆ ನಿಲ್ಲಿಸಿದಳು. ಅವನು ಕೇಳಿದ: "ಹಾಂ — ಆ ಮೇಲೆ ಯಜಮಾನ ಎಂತ ಹೇಳ್ದ, ವೈನಿ?"

ತನ್ನದೇ ಕಥೆ! ಎಂದೂ ಕೇಳದವನ ಹಾಗೆ!

ಕಳಿಸಲು ಗೇಟಿನವರೆಗೆ ಹೋದೆ. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಚಪ್ಪಲಿ ಹಾಕಿಕೊಳ್ಳುತ್ತಾ ಅಂದ: "ವೈನಿ ಬಾಯಲ್ಲಿ ಲಾಯ್ಕ ಕೇಳ್ತದೆ ಮಾರಾಯಾ. ನಾ ಬರ್ದಾಗ ಇಷ್ಟು ಚಲೋ ಇರ್ಲಿಲ್ಲ." ಹೋದ.

ಬೈದಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಅದಕ್ಕೂ ಅವಕಾಶ ಕೊಡಲಿಲ್ಲ. ಅವನು ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಮೂರು ವರ್ಷ ನಾನು ಅವನನ್ನು ಕಂಡರೆ ಬೇರೆ ದಾರಿ ಹಿಡಿದೆ. ಒಂದು ಸಲ ಬಾಳೆಗುಳಿ ಕ್ರಾಸಿನಲ್ಲಿ ಅವನು ಕೈ ಮಾಡಿದ, ನಾನು ಹುಬ್ಬಳ್ಳಿ ಬಸ್ಸು ಹತ್ತಿಬಿಟ್ಟೆ. ನನಗೆ ಹೋಗಬೇಕಾದ್ದು ಅಂಕೋಲೆಗೆ. ನಗಬೇಡಿ. ಯಲ್ಲಾಪುರದವರೆಗೆ ಹೋಗಿ ವಾಪಸ್ ಬಂದಿದ್ದೇನೆ.

ಈಗ ಅಮಿತಾಳ ವಿಷಯ. ತಾಯಿಯ ಮಂಚದ ಪಕ್ಕ ಕೂತು ಅವಳು ಈ ಕಥೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ನನಗೆ ಗೊತ್ತಿರಲಿಲ್ಲ. ತಾಯಿಯ ಐದನೇ ವರ್ಷಕ್ಕೆ ಚಿಕ್ಕ ಪುಸ್ತಕ ಮಾಡಿ ಹಂಚುತ್ತಾಳಂತೆ. ಹೋದ ಭಾನುವಾರ ಪ್ರೂಫು ತಂದು ನನ್ನ ತೊಡೆಯ ಮೇಲಿಟ್ಟಳು. ಮೇಲೆ ನನ್ನ ಹೆಸರು. ಒಳಗೆ ಮುನ್ನುಡಿ. ಯಾರದು? ಅಪ್ಪನ ಹಳೆಯ ದೋಸ್ತ ಎಂದು ನನಗೆ ಹೇಳದೆ ಹೋಗಿ ಇನಾಸನನ್ನೇ ಕೇಳಿದ್ದಾಳೆ, ಅವನು ಬರೆದುಕೊಟ್ಟಿದ್ದಾನೆ. ಎರಡೇ ಸಾಲು. 'ಇವನ್ನು ನಾನು ಗಂಗೂವೈನಿಯ ಬಾಯಿಂದ ಕೇಳಿದ್ದೇನೆ. ಅವರ ಹೆದರಿಕೆ ಹೋಯಿತು, ಆದ್ದರಿಂದ ಮಾತು ನಿಜ.'

ನೋಡಿದಿರಾ? ಸುಳ್ಳು ಒಂದಕ್ಷರ ಇಲ್ಲ. ನನ್ನನ್ನು ಹಿಡಿದೂ ಕೊಟ್ಟಿಲ್ಲ. ಬುಧವಾರ ಹೋಗಿ ಕೈ ಹಿಡಿದುಕೊಳ್ಳಬೇಕೆಂದಿದ್ದೆ. ಮಂಗಳವಾರ ಅವನ ಎದೆ ನಿಂತಿತು.

ಈಗ ನಾನು ಬಾಯಿ ಮುಚ್ಚಿಕೊಂಡರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ದುರ್ಗಪ್ಪನಿಗೆ, ಚಾ ಹೊತ್ತಿಗೆ ಪತ್ರ ಕೇಳಿದ ಉಳಿದವರಿಗೆ ಗೊತ್ತಾಗಬಹುದು, ಆದರೆ ಅವರು ಪುಸ್ತಕ ಓದುವವರಲ್ಲ. ಮಗಳ ಕಣ್ಣಲ್ಲಿ ನಾನು ಚಂದ ಮಾತಾಡುವ ಅಪ್ಪ. ಬೇರೇನೂ ಇಲ್ಲ ನನ್ನ ಹತ್ತಿರ, ಅದೊಂದು ಇದೆ. ಅದನ್ನು ಕೊಡಲು ನನಗೆ ಮನಸ್ಸಿಲ್ಲ — ಇಲ್ಲಿ ನಿಂತು ಹೇಳುತ್ತಿರುವಾಗಲೂ ಇಲ್ಲ. ಅವನ ಮೇಲಿನ ಹೊಟ್ಟೆಕಿಚ್ಚು ಆರಿತು ಎಂದು ಯಾರೂ ತಿಳಿಯಬೇಡಿ. ಸತ್ತೂ ಅವನೇ ಮುಂದಿದ್ದಾನೆ.

ಅಮಿತಾ. ಬಾಯಾ, ಮಗಳೇ, ಆ ಪ್ರೂಫು ನಿನ್ನ ಚೀಲದಲ್ಲೇ ಇದೆ, ನನಗೆ ಗೊತ್ತು. ಮೇಲಿನ ಹೆಸರು ಹೊಡೆದು ಹಾಕು. ಇನಾಸ ಫುರ್ತಾದ ಎಂದು ಬರೆ. ಅವನು ಏಸುವಿನ ಹೆಸರು ತೆಗೆದ ಕಡೆಯೆಲ್ಲ ಏಸು ಎಂದೇ ಬರೆ — ತೆಗೆದದ್ದು ಅವನಲ್ಲ, ನಾನು. ನೋಡು, ಈಗಲೂ ಬಾಯಿ ಹೇಗೆ ಜಾರುತ್ತದೆ. ಬರೆದು ಕಾರ್ಮಿನಾಬಾಯಿಯವರ ಕೈಗೆ ಕೊಡು. ನಿನ್ನ ತಾಯಿಗೆ ನಾನು ಹೇಳಿದ್ದರಲ್ಲಿ ನನ್ನದು ಎನ್ನುವುದು, ದಿನಾ ಸಂಜೆ ಪಕ್ಕದಲ್ಲಿ ಕೂತದ್ದು, ಅಷ್ಟೇ. ಅದು ಪ್ರಿಂಟಿಗೆ ಬರುವಂಥದ್ದಲ್ಲ.

ಇನ್ನೂ ಎರಡು ಮಾತು ಇತ್ತು, ಕಾಗದದಲ್ಲಿ ಬರೆದು ತಂದಿದ್ದೆ. ಆದರೆ — ಅರೆ, ಇಷ್ಟು ಬೇಗ — ಅಕ್ಷರ ಕಾಣುತ್ತಿಲ್ಲ. ಸೂರ್ಯ ಕೂರ್ಮಗಡ ದ್ವೀಪದ ಹಿಂದೆ ಇಳಿದಾಯಿತು. ಕಂಬದ ಹತ್ತಿರ ಯಾರು ಕೂತಿದ್ದಾರೆ, ಯಾರು ಎದ್ದು ಹೋಗಿದ್ದಾರೆ, ಇಲ್ಲಿಂದ ನನಗೆ ಗೊತ್ತಾಗುವುದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಇನಾಸನಿಗಾಗಿ ಒಂದು ನಿಮಿಷ, ಯಾರೂ ಮಾತಾಡುವುದು ಬೇಡ. ನಾನೂ ಆಡುವುದಿಲ್ಲ.