ಎರಡು ಹಾಡಿನ ನಡುವಿನ ಆರು ಸೆಕೆಂಡು

ರಾತ್ರಿ ಹನ್ನೊಂದೂವರೆ. ಪಂಪ್‌ಹೌಸಿನ ಕೋಣೆಯಿಂದ ಗೇಟಿಗೆ ಬರಬೇಕೆಂದರೆ ಬಾವಿಯ ಪಕ್ಕದಲ್ಲೇ ಹಾಯಬೇಕು, ಬೇರೆ ದಾರಿ ಇಲ್ಲ. ಮುಂದೆ ನಾನು, ಹಿಂದೆ ಟಾರ್ಚ್ ಹಿಡಿದು ನನ್ನ ಚಿಕ್ಕಪ್ಪನ ಮಗ. ಬಾವಿ ಎಂದರೆ ಹಗ್ಗ, ರಾಟೆ ಇರುವಂಥದ್ದಲ್ಲ. ಊರಿನ ಅರ್ಧಕ್ಕೆ ನೀರು ಕೊಡುವ ಬಾವಿ. ಒಂದು ಸಣ್ಣ ಮನೆ ಇಳಿಸಬಹುದಾದಷ್ಟು ಅಗಲ. ಸೊಂಟದೆತ್ತರದ ಕಟ್ಟೆ. ಒಳಗೋಡೆಗೆ ಬಡಿದ ಕಬ್ಬಿಣದ ಮೆಟ್ಟಿಲುಗಳು.

ಕಟ್ಟೆಯ ಹತ್ತಿರ ಬಂದಾಗ ಅವನು ಟಾರ್ಚ್ ಆರಿಸಿದ.

"ಯಾಕೋ?"

"ಮೆಲ್ಲಗೆ ಮಾತಾಡು ಅಣ್ಣ... ಮುಂಚಿನ ಆಪರೇಟರ್ ಇದರಲ್ಲೇ ಹೋಗಿದ್ದು."

"ಬಾವಿ ಅಂದ್ಮೇಲೆ ಯಾರಾದ್ರೂ ಬಿದ್ದೇ ಇರ್ತಾರೆ. ಲೈಟ್ ಹಾಕು, ಇಲ್ಲಾಂದ್ರೆ ಮುಂದಿನವನು ನಾನೇ."

ಕಟ್ಟೆ ದಾಟಿದ ಮೇಲೆಯೇ ಅವನು ಲೈಟ್ ಹಾಕಿದ್ದು.

ಮನೆಯಲ್ಲಿ ಅವನನ್ನು ಎಲ್ಲರೂ ದಿಂಬು ಎಂದೇ ಕರೆಯುವುದು. ನಿಂತಲ್ಲೇ ನಿದ್ದೆ ಮಾಡುವವನು. ಅಂಥವನಿಗೆ ರಾತ್ರಿ ಪಾಳಿಯ ಕೆಲಸ ಕೊಡಿಸಿದ್ದು ನಾನು. ಮೂರು ತಿಂಗಳ ಪರೀಕ್ಷೆ. ಒಂದು ರಾತ್ರಿ ತೂಕಡಿಸಿ ನೀರಿನ ಮಟ್ಟ ಬರೆಯುವುದು ತಪ್ಪಿದರೂ ಕೆಲಸ ಹೋಯಿತು. ಚಿಕ್ಕಮ್ಮ ನನಗೆ ಫೋನ್ ಮಾಡಿ, "ಅವನು ಎದ್ದಿರೋ ಹಾಗೆ ಏನಾದ್ರೂ ಮಾಡಪ್ಪ, ಓದಿದವನು ನೀನು" ಎಂದರು. ಓದಿದ್ದು ಸಂಖ್ಯಾಶಾಸ್ತ್ರ. ಅದು ಬೇರೆಯವರಿಗೆ ನಿದ್ದೆ ಬರಿಸುತ್ತದೆ, ಎಬ್ಬಿಸುವುದಿಲ್ಲ.

ಅದಕ್ಕೇ ಆ ಸಂಜೆ ಪಂಪ್‌ಹೌಸಿಗೆ ಹೋಗಿದ್ದೆ. ಹಾಡಾದರೂ ಇರಲಿ ಎಂದುಕೊಂಡೆವು. ಕೋಣೆಯಲ್ಲಿದ್ದ ಕಂಪ್ಯೂಟರ್ ಮುದಿ. ಬ್ರೌಸರ್ ತೆರೆದರೆ ಕೊರ್ ಕೊರ್ ಎಂದು ನಿಂತೇ ಹೋಗುತ್ತಿತ್ತು. ಹಾಗಾಗಿ ಟರ್ಮಿನಲ್‌ನಲ್ಲೇ ಓಡುವ ಒಂದು ಪುಟ್ಟ ಪ್ಲೇಯರ್ ಹಾಕಿಕೊಟ್ಟೆ. ಚಿತ್ರವಿಲ್ಲ, ಜಾಹೀರಾತಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಹಾಡುಗಳ ಹೆಸರು ಟೈಪ್ ಮಾಡಿಟ್ಟರೆ ನೆಟ್‌ನಿಂದ ಒಂದಾದ ಮೇಲೊಂದು ಎಳೆದು ಹಾಡುತ್ತದೆ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, ಪ್ಲಸ್ ಒತ್ತಿದರೆ ದನಿ ಏರುತ್ತದೆ, ಮೈನಸ್ ಒತ್ತಿದರೆ ಇಳಿಯುತ್ತದೆ. ಯಾವ ಕೀ ಏನು ಮಾಡಬೇಕು, ದನಿ ಎಷ್ಟಿರಬೇಕು ಎಂಬ ಎಲ್ಲ ಹೊಂದಿಕೆಗಳೂ ಒಂದೇ ಕಡತದಲ್ಲಿ, ಸಾಲು ಸಾಲಾಗಿ. ಜೊತೆಗೆ ಅದಕ್ಕೊಂದು ದಿನಚರಿ ಉಂಟು. ಏನಾದರೂ ಎಡವಟ್ಟಾದರೆ ಗಂಟೆ ನಿಮಿಷ ಸಮೇತ ಬರೆದಿಡುತ್ತದೆ.

ಒಂದೇ ಕೊರತೆ. ನೆಟ್ ನಿಧಾನ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗಲು ಆರು ಸೆಕೆಂಡು ಬೇಕಾಗುತ್ತಿತ್ತು. ಮುಂದಿನ ಹಾಡನ್ನು ಮೊದಲೇ ಎಳೆದಿಟ್ಟುಕೊಳ್ಳುವಂತೆ ಮಾಡಬಹುದು, ಒಂದು ಸಾಲಿನ ಕೆಲಸ. ಅಷ್ಟರಲ್ಲಿ ಗೇಟು ಕಾಯುವ ತಾತ ಚಹಾ ತಂದ. ಮರೆತೆ.

ಹತ್ತನೇ ದಿನ ದಿಂಬುವಿನ ಫೋನ್ ಬಂತು. ಪಿಸುಗುಡುತ್ತಿದ್ದ.

"ಅಣ್ಣ, ಹಾಡು ತಾನೇ ಇಳಿಯುತ್ತೆ."

"ಏನು ಇಳಿಯುತ್ತೆ?"

"ದನಿ. ಎರಡೂವರೆಗೆ ಪಂಪ್ ನಿಲ್ಲಿಸ್ತೀನಾ... ನೀರು ಅಲ್ಲಾಡೋದು ನಿಲ್ಲಲಿ ಅಂತ ಹತ್ತು ನಿಮಿಷ ಬಿಟ್ಟು ಅಳೆಯೋಕೆ ಹೋಗ್ತೀನಿ. ಹೋಗೋವರೆಗೂ ಜೋರಾಗೇ ಇರುತ್ತೆ. ಕಟ್ಟೆ ಮೇಲೆ ಬಗ್ಗಿದ ತಕ್ಷಣ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಕಮ್ಮಿ ಆಗುತ್ತೆ. ವಾಪಸ್ ಬಂದು ನೋಡಿದ್ರೆ ಸೊನ್ನೆ."

"ಬೆಕ್ಕು ಕೀಬೋರ್ಡ್ ಮೇಲೆ ಕೂತಿರುತ್ತೆ."

"ಬೆಕ್ಕು ಬರುತ್ತೆ ಅಂತಲೇ ಬೀಗ ಹಾಕ್ಕೊಂಡು ಹೋಗೋದು."

"ದಿನಾನೂ ಹೀಗೇನಾ?"

"ದಿನಾನೂ. ನನಗೆ ಈ ಕೆಲಸ ಬೇಡ ಅಣ್ಣ."

ಅಲ್ಲಿಗೆ ನನಗೆ ಸಿಟ್ಟು ಬಂತು. ಕೈ ಕಾಲು ಹಿಡಿದು ಕೊಡಿಸಿದ ಕೆಲಸ. ಮರುದಿನ ಸಂಜೆಯೇ ಹೋದೆ. ದಿನಚರಿ ನೋಡಿದೆ, ಖಾಲಿ. ಎಡವಟ್ಟೇನೂ ಆಗಿಲ್ಲ, ಪ್ಲೇಯರಿನ ಲೆಕ್ಕದಲ್ಲಿ ಎಲ್ಲ ಸರಿ. ಕೀಬೋರ್ಡನ್ನು ತಲೆಕೆಳಗು ಮಾಡಿ ಎರಡು ಬಡಿದೆ. ಒಂದು ಜಿರಳೆ ಬಿತ್ತು.

"ತಗೋ, ನಿನ್ನ ದೆವ್ವ" ಎಂದೆ.

"ಜಿರಳೆಗೆ ನಾನು ಬಗ್ಗಿದ್ದು ಹೇಗೆ ಗೊತ್ತಾಗುತ್ತೆ?"

ನಾನು ಕುರ್ಚಿ ಎಳೆದು ಕೂತೆ. ಹೊಂದಿಕೆಯ ಕಡತ ತೆರೆದು ಮೈನಸ್ ಕೀಯ ಸಾಲನ್ನು ಅಳಿಸಿದೆ. ಸ್ಪೇಸಿನ ಸಾಲನ್ನೂ ಅಳಿಸಿದೆ. ದನಿ ನೂರರಲ್ಲಿ ತೊಂಬತ್ತಕ್ಕೆ ನಿಲ್ಲುವ ಹಾಗೆ ಮಾಡಿದೆ. ಇನ್ನು ಯಾರು ಏನು ಒತ್ತಿದರೂ ಹಾಡು ಇಳಿಯುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ.

"ನಾನು ನಿಲ್ಲಿಸಬೇಕಾದ್ರೆ?"

"ಸ್ಪೀಕರ್ ವಯರ್ ಕಿತ್ತು ಹಾಕು. ದೆವ್ವಕ್ಕೆ ಅಷ್ಟು ಬುದ್ಧಿ ಇರಲ್ಲ."

ಈ ಜೋಕು ನನ್ನದೇ. ಮುಂದಿನದನ್ನೂ ನಾನೇ ಹೇಳಬೇಕು.

ಆ ರಾತ್ರಿ ಎರಡೂವರೆಗೆ ಅವನು ಪಂಪ್ ನಿಲ್ಲಿಸಿದ. ಘುಂಯ್ ಎನ್ನುವ ಸದ್ದು ಇಳಿದು, ಕೊನೆಗೆ ಟಕ್... ನಿಂತಿತು. ಹಾಡು ಮಾತ್ರ ಉಳಿಯಿತು. ಹತ್ತು ನಿಮಿಷ ಕಾದ. ಬೀಗ ಹಾಕಿ, ಬೀಗದಕೈ ಜೇಬಿಗಿಟ್ಟು ಬಾವಿಗೆ ಹೋದ. ಕಟ್ಟೆಯ ಮೇಲೆ ಬಗ್ಗಿದ. ಹಾಡು ಇಳಿಯಲಿಲ್ಲ. ಅವನಿಗೆ ಎಷ್ಟು ಧೈರ್ಯ ಬಂತೆಂದರೆ, ಒಳಗೋಡೆಯ ಮೇಲೆ ನೀರಿನ ಮಟ್ಟ ತೋರಿಸುವ ಮಾಸಿದ ಅಂಕಿ ಸರಿಯಾಗಿ ಕಾಣಲಿ ಎಂದು ಒಳಗೆ ಮೂರು ಮೆಟ್ಟಿಲು ಇಳಿದ. ಹತ್ತು ದಿನದಲ್ಲಿ ಮೊದಲ ಸಲ.

ಮೂರನೇ ಮೆಟ್ಟಿಲು ಕಿರ್ರ್ ಎಂದಿತು. ಗಾರೆ ಉದುರಿದ ಸದ್ದು... ಆಮೇಲೆ ಕಬ್ಬಿಣ ನೀರಿಗೆ ಬಿದ್ದ ಸದ್ದು. ಆಮೇಲೆ ಅವನು.

ಟಾರ್ಚ್ ಮುಳುಗಿತು. ನೀರಿನ ಮಟ್ಟದಲ್ಲಿದ್ದ ಕೊನೆಯ ಮೆಟ್ಟಿಲು ಕೈಗೆ ಸಿಕ್ಕಿತು. ಅದರ ಮೇಲೆ ನಾಲ್ಕು ಮೆಟ್ಟಿಲು ತುಕ್ಕು ಹಿಡಿದು ಯಾವಾಗಲೋ ಹೋಗಿದ್ದವು. ಹತ್ತಲು ಆಗದು. ಎಡಗೈ ಮೊಣಕೈಯ ಬಳಿ ಮುರಿದಿತ್ತು. ಕೂಗಿದ. ಗೇಟು ಅರವತ್ತು ಹೆಜ್ಜೆ ದೂರ. ಮೌನದ ರಾತ್ರಿಯಲ್ಲಿ ಕೆಮ್ಮಿದರೂ ಕೇಳುವ ದೂರ. ಆದರೆ ನಡುವೆ ಹಾಡು ಇತ್ತು. ತೊಂಬತ್ತರಲ್ಲಿ.

"ನನ್ನ ಕೂಗು ನನಗೇ ಕೇಳಿಸ್ತಿರಲಿಲ್ಲ ಅಣ್ಣ" ಎಂದ ಆಮೇಲೆ. "ಅಷ್ಟರಲ್ಲಿ ಹಾಡು ಮುಗೀತು."

ಆರು ಸೆಕೆಂಡು. ಮೊದಲ ಸಲ ಅದನ್ನು ಹಾಳು ಮಾಡಿಕೊಂಡ. "ಯಾರಾದ್ರೂ ಇದ್ದೀರಾ, ನಾನು ಬಿದ್ದಿದ್ದೀನಿ" ಎಂದು ಉದ್ದಕ್ಕೆ ಶುರುಮಾಡಿದ; ಅರ್ಧದಲ್ಲಿ ಮುಂದಿನ ಹಾಡು ಬಂದು ಬಿತ್ತು. ಎರಡನೇ ಸಲ ಉಸಿರೇ ಇರಲಿಲ್ಲ. ಆಮೇಲೆ ಲೆಕ್ಕ ಹಾಕಿದ. ಹಾಡು ನಡೆಯುವಾಗ ಕೂಗಬಾರದು. ಬಾಯಿ ಮುಚ್ಚಿ, ಮೆಟ್ಟಿಲು ಹಿಡಿದು, ಹಾಡು ಕೇಳಬೇಕು. ಪಲ್ಲವಿ, ಚರಣ, ಮತ್ತೆ ಪಲ್ಲವಿ. ಮುಗಿಯುವ ಹೊತ್ತಿಗೆ ಉಸಿರು ತುಂಬಿಕೊಂಡು ಎರಡೇ ಮಾತು: "ತಾತಾ... ಬಾವಿ."

ಜೀವಮಾನದಲ್ಲಿ ಅವನು ಅಷ್ಟು ಗಮನವಿಟ್ಟು ಸಂಗೀತ ಕೇಳಿದ್ದು ಅದೇ ಮೊದಲು.

ಒಂಬತ್ತನೇ ಬಿಡುವಿನಲ್ಲಿ, ಸಿಗರೇಟು ಹಚ್ಚಲು ಹೊರಬಂದಿದ್ದ ತಾತನಿಗೆ ಕೇಳಿಸಿತು. ಮೂರು ಗಂಟೆ ಇಪ್ಪತ್ತೇಳು ನಿಮಿಷ. ತಾತ ಓಡಿದ್ದು, ಹಗ್ಗ ತಂದದ್ದು, ಪಕ್ಕದ ಗ್ಯಾರೇಜಿನವರನ್ನು ಎಬ್ಬಿಸಿದ್ದು, ನನಗೆ ಫೋನ್ ಮಾಡಿಸಿದ್ದು... ನಾನು ತಲುಪಿದಾಗ ದಿಂಬು ಕಟ್ಟೆಗೆ ಒರಗಿ ಕೂತಿದ್ದ, ಹಲ್ಲು ಕಟಕಟ ಎನ್ನುತ್ತಿತ್ತು. ಕೋಣೆಯಲ್ಲಿ ಹಾಡು ಇನ್ನೂ ನಡೆಯುತ್ತಿತ್ತು.

"ಮೊದಲು ಅದನ್ನ ನಿಲ್ಸಪ್ಪ" ಎಂದ ತಾತ. "ಮುಂಚಿನವನು ಹೋದ ರಾತ್ರಿ ರೇಡಿಯೋ ಬೆಳಗಿನವರೆಗೂ ಹಾಡಿತ್ತು. ನಡುವೆ ಒಂದು ಚೂರೂ ಬಿಡುವಿಲ್ಲ. ನಾನೂ ಗೇಟಲ್ಲಿ ಕೂತು ಕೇಳ್ದೆ. ಒಳ್ಳೆ ಹಾಡುಗಳು..."

ಹೆಗಲ ಮೇಲಿನ ಟವೆಲ್ ತೆಗೆದು ದಿಂಬುವಿನ ತಲೆ ಒರೆಸತೊಡಗಿದ.

ಒದ್ದೆ ಪ್ಯಾಂಟಿನ ಜೇಬಿನಿಂದ ಬೀಗದಕೈ ತೆಗೆದು ನಾನೇ ಬೀಗ ತೆರೆದೆ. ಒಳಗೆ ಬೆಕ್ಕಿಲ್ಲ. ಕಿಟಕಿಗೆ ಸರಳು, ಜಾಲರಿ, ಒಳಗಿನಿಂದ ಚಿಲಕ. ಸ್ಪೀಕರ್ ವಯರ್ ಕಿತ್ತೆ. ಆಮೇಲೆ, ಅಭ್ಯಾಸ ನೋಡಿ, ದಿನಚರಿ ತೆರೆದೆ.

ಇಷ್ಟು ದಿನ ಖಾಲಿ ಇದ್ದದ್ದು ತುಂಬಿತ್ತು. ಅಳಿಸಿದ ಕೀ ಒತ್ತಿದರೆ ಪ್ಲೇಯರ್ ಅದನ್ನು ಎಡವಟ್ಟು ಎಂದು ಬರೆಯುತ್ತದೆ. ಅದು ನನಗೆ ಮೊದಲೇ ಹೊಳೆದಿರಲಿಲ್ಲ. ಮೈನಸ್ ಕೀ, ಇದಕ್ಕೆ ಕೆಲಸ ಗೊತ್ತುಮಾಡಿಲ್ಲ. ಮೈನಸ್ ಕೀ, ಇದಕ್ಕೆ ಕೆಲಸ ಗೊತ್ತುಮಾಡಿಲ್ಲ. ನಡುನಡುವೆ ಸ್ಪೇಸ್. ಮತ್ತೆ ಮೈನಸ್. ಎರಡು ಗಂಟೆ ನಲವತ್ತೊಂದರಿಂದ ಮೂರು ಇಪ್ಪತ್ತೇಳರವರೆಗೆ, ಆರುನೂರ ಹದಿನೆಂಟು ಸಾಲು.

ಕೀಬೋರ್ಡ್ ಕೆಟ್ಟಿತ್ತು ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಹೇಳಿಕೊಂಡೆ. ಆ ಪಟ್ಟಿಯನ್ನು ಮನೆಗೆ ತಂದು, ಪ್ಲೇಯರ್ ಬೇರೊಂದು ಕಡತದಲ್ಲಿ ಬರೆದಿಟ್ಟಿದ್ದ, ಹಾಡುಗಳು ಶುರುವಾದ, ಮುಗಿದ ಹೊತ್ತನ್ನು ಪಕ್ಕದಲ್ಲಿಟ್ಟು ಎರಡು ದಿನ ಕೂತೆ. ಕೆಟ್ಟ ಕೀಗೆ ಹೊತ್ತುಗೊತ್ತು ಇರುವುದಿಲ್ಲ, ಹೇಗೆಂದರೆ ಹಾಗೆ ಒತ್ತುತ್ತದೆ. ಇದು ಹಾಗಿರಲಿಲ್ಲ. ಹಾಡು ನಡೆಯುವಾಗ ಮಾತ್ರ ಒತ್ತಿದೆ. ಹಾಡು ಮುಗಿದ ಕೂಡಲೇ ನಿಂತಿದೆ. ಒಂಬತ್ತು ಬಿಡುವುಗಳಲ್ಲಿ ಒಂದರಲ್ಲೂ ಒಂದು ಸಾಲೂ ಇಲ್ಲ.

ಕೆಲಸ ಬಿಡುತ್ತೇನೆ ಎಂದಿದ್ದವನು ಬಿಡಲಿಲ್ಲ. ಕೈ ಕೂಡಿದ ಮೇಲೆ ಅದೇ ಪಾಳಿಗೆ ಹೋದ. ಮೈನಸ್ ಕೀಯ ಸಾಲನ್ನು ನಾನು ವಾಪಸ್ ಬರೆದುಕೊಟ್ಟಿದ್ದೇನೆ. ಈಗಲೂ ಎರಡು ನಲವತ್ತಕ್ಕೆ ಹಾಡು ಇಳಿಯುತ್ತದಂತೆ. ಅವನು ಕಟ್ಟೆಯ ಮೇಲೆ ಬಗ್ಗಿ, ಅದು ಪೂರ್ತಿ ಇಳಿಯುವವರೆಗೆ ಕಾದು, ಆಮೇಲೆ ಮಟ್ಟ ಓದುತ್ತಾನೆ.

ನಾನು ಏನನ್ನೂ ನಂಬುವವನಲ್ಲ. ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬೇಕಾದರೆ ಬಂದು ಎಣಿಸಿ.